ಸ್ಕಿಜೋಫ್ರೇನಿಯ ಮತ್ತು ಮನೋಬಿಂಬ: ಸ್ಫುಟತೆ, ನಿರ್ವಹಣೆ, ಒಡೆತನ

ಕಣ್ಣೆದುರಿಗಿಲ್ಲದ ವಸ್ತುವನ್ನು ಮನಸ್ಸಿನಲ್ಲಿ ಕಾಣುವ, ಕಿವಿಗೆ ಬೀಳದ ದನಿಯನ್ನು ಒಳಗೇ ಕೇಳಿಸಿಕೊಳ್ಳುವ, ಕೈ ಚಾಚದೆಯೇ ಚಾಚಿದಂತೆ ಭಾವಿಸುವ ಅನುಭವವನ್ನು ಮನೋವಿಜ್ಞಾನದಲ್ಲಿ ಮನೋಬಿಂಬವೆಂದು ಕರೆಯಬಹುದು. ಕಾವ್ಯವಿಮರ್ಶೆಯಲ್ಲಿ ಬಳಕೆಯಲ್ಲಿರುವ ‘ಪ್ರತಿಮೆ’ ಎಂಬ ಪದಕ್ಕೂ ಇದಕ್ಕೂ ನಂಟಿದೆಯಾದರೂ ಎರಡೂ ಒಂದೇ ಅಲ್ಲ. ಪ್ರತಿಮೆ ಕವಿಯ ಮಾತಿನಲ್ಲಿರುವಂಥದು. ಮನೋಬಿಂಬ ಯಾವುದೇ ಸಾಮಾನ್ಯ ವ್ಯಕ್ತಿಯ ಅನುಭವದಲ್ಲಿ ದಿನವೂ ನಡೆಯುವಂಥದು. ಬೀಗದ ಕೈಯನ್ನು ಎಲ್ಲಿಟ್ಟಿದ್ದೆಂದು ನೆನೆಯುವಾಗ, ಸಂತೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯನ್ನು ಅಪರಿಚಿತರಿಗೆ ಹೇಳುವಾಗ, ನಾಳಿನ ಕೆಲಸವನ್ನು ಇಂದೇ ಒಮ್ಮೆ ಮನಸ್ಸಿನಲ್ಲಿ ನಡೆಸಿ ನೋಡುವಾಗ ಇದು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ಸ್ಕಿಜೋಫ್ರೇನಿಯದಲ್ಲಿ ಈ ಶಕ್ತಿಗೆ ಏನಾಗುತ್ತದೆ ಎಂಬುದು ಬಹುಕಾಲದಿಂದ ಸಂಶೋಧಕರನ್ನು ಕಾಡಿರುವ ಪ್ರಶ್ನೆ. ಜರ್ಮನಿಯ ಎಮಿಲ್ ಕ್ರೆಪೆಲಿನ್ 19ನೆಯ ಶತಮಾನದ ಕೊನೆಯ ದಶಕದಲ್ಲಿ ‘ಡಿಮೆನ್ಷಿಯ ಪ್ರೀಕಾಕ್ಸ್’ ಎಂಬ ಹೆಸರಿನಡಿ ವಿವರಿಸಿದ ಈ ಕಾಯಿಲೆಗೆ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈಗಿನ ಹೆಸರನ್ನು ಸೂಚಿಸಿದರು. 1911ರ ಅವರ ಗ್ರಂಥದಿಂದ ಅದು ನೆಲೆಯೂರಿತು. ಕನ್ನಡದಲ್ಲಿ ಇಚ್ಚಿತ್ತವಿಕಲತೆ, ಛಿದ್ರಮನಸ್ಕತೆ ಮೊದಲಾದ ಪದಗಳು ಬಳಕೆಯಲ್ಲಿವೆ. ಇವೂ ಮೂಲ ಗ್ರೀಕ್ ಧಾತುಗಳಂತೆಯೇ ಒಬ್ಬ ವ್ಯಕ್ತಿಯೊಳಗೆ ಇಬ್ಬರಿದ್ದಾರೆ ಎಂಬ ತಪ್ಪು ತಿಳಿವಳಿಕೆಗೆ ಎಡೆಗೊಡುವುದರಿಂದ ಇಲ್ಲಿ ಸ್ಕಿಜೋಫ್ರೇನಿಯ ಎಂಬ ರೂಪವನ್ನೇ ಉಳಿಸಿಕೊಳ್ಳಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜುಗಳಂತೆ ಜಗತ್ತಿನಲ್ಲಿ ಸುಮಾರು 300ರಿಂದ 350 ಜನರಲ್ಲಿ ಒಬ್ಬರಿಗೆ ಈ ಕಾಯಿಲೆಯಿದೆ. ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ತಲೆದೋರುವ ಇದರಲ್ಲಿ ಇಲ್ಲದ ದನಿಗಳು ಕೇಳಿಸುವ ಇಂದ್ರಿಯಭ್ರಮೆಗಳು, ಸಾಕ್ಷ್ಯಕ್ಕೆ ಜಗ್ಗದ ಮಿಥ್ಯಾನಂಬಿಕೆಗಳು, ಮಾತಿನ ಅಸಂಬದ್ಧತೆ ಒಂದು ಕಡೆಗಾದರೆ, ಉತ್ಸಾಹ ಕುಗ್ಗುವುದು, ಜನರಿಂದ ದೂರ ಸರಿಯುವುದು, ನೆನಪು ಮತ್ತು ಗಮನದ ಶಕ್ತಿಗಳು ಕುಂದುವುದು ಇನ್ನೊಂದು ಕಡೆಗಿವೆ.

ಜನಸಾಮಾನ್ಯರಲ್ಲಿ ಈ ಕಾಯಿಲೆಯ ಬಗ್ಗೆ ಒಂದು ಸುಲಭ ವಿವರಣೆಯಿದೆ: ರೋಗಿಯ ಕಲ್ಪನೆ ಹದ್ದು ಮೀರಿದೆ, ಆದ್ದರಿಂದಲೇ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ ಎಂಬುದು. ಚಿಕಿತ್ಸಾಲಯಗಳ ಅನುಭವ ಇದಕ್ಕೆ ವಿರುದ್ಧವಾದ ಇನ್ನೊಂದು ಮಾತನ್ನು ಹೇಳುತ್ತದೆ: ರೋಗಿಗೆ ಮುಂದಿನ ವಾರದ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಲೂ ಕಷ್ಟವಾಗುತ್ತದೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಕಲ್ಪನೆಯನ್ನು ಹೆಚ್ಚು ಅಥವಾ ಕಡಿಮೆ ಎಂದು ಒಂದೇ ತಕ್ಕಡಿಯಲ್ಲಿ ತೂಗಿದಷ್ಟು ಕಾಲವೂ ಇವುಗಳನ್ನು ಹೊಂದಿಸುವುದು ಸಾಧ್ಯವಿಲ್ಲ. ದೊರೆತಿರುವ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ಕಿಜೋಫ್ರೇನಿಯದಲ್ಲಿ ಕೆಡುವುದು ಬಿಂಬದ ಹೊಳಪಲ್ಲ, ಬಿಂಬದ ನಿರ್ವಹಣೆ. ಅದರಲ್ಲಿಯೂ ಮುಖ್ಯವಾಗಿ ಬಿಂಬ ತನ್ನದೇ ಎಂದು ಗುರುತಿಸುವ ವ್ಯವಸ್ಥೆ ಎಂದು ತೋರುತ್ತದೆ.

ಅಳತೆಯ ಎರಡು ದಾರಿಗಳು

ಮನೋಬಿಂಬವನ್ನು ಅಳೆಯುವ ಪ್ರಯತ್ನ 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರಿಂದ ಆರಂಭವಾಯಿತೆನ್ನಬಹುದು. ಅವರು ತಮ್ಮ ಪರಿಚಿತರಿಗೆ ಪ್ರಶ್ನಾವಳಿಯೊಂದನ್ನು ಕಳುಹಿಸಿ, ಆ ದಿನ ಬೆಳಗ್ಗೆ ಉಪಾಹಾರದ ಮೇಜು ಹೇಗಿತ್ತೆಂದು ನೆನೆದು, ಮನಸ್ಸಿಗೆ ಬಂದ ಚಿತ್ರದ ಬೆಳಕು, ಬಣ್ಣ, ಅಂಚುಗಳ ಸ್ಪಷ್ಟತೆಯನ್ನು ವರ್ಣಿಸುವಂತೆ ಕೇಳಿದರು. ಕೆಲವರು ಚಿತ್ರ ನಿಜವಸ್ತುವಿನಷ್ಟೇ ಸ್ಪಷ್ಟವಾಗಿದೆಯೆಂದರೆ, ಇನ್ನು ಕೆಲವರು ಅಂಥ ಚಿತ್ರವೇ ತಮಗೆ ಬರುವುದಿಲ್ಲವೆಂದರು. ಬಿಂಬವೇ ಮೂಡದ ಈ ಸ್ಥಿತಿಗೆ ‘ಅಫ್ಯಾಂಟೇಸಿಯ’ ಎಂಬ ಹೆಸರು ಬಂದದ್ದು 2015ರಲ್ಲಿ, ಆಡಮ್ ಝೀಮನ್ ಅವರ ಬರವಣಿಗೆಯಿಂದ. ಅದು ಕಾಯಿಲೆಯಲ್ಲ, ವ್ಯಕ್ತಿವ್ಯತ್ಯಾಸ ಮಾತ್ರ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಗಾಲ್ಟನ್ ಅವರ ದಾರಿಯಲ್ಲಿಯೇ ಮುಂದುವರಿದ ಡೇವಿಡ್ ಮಾರ್ಕ್ಸ್ 1973ರಲ್ಲಿ 16 ಅಂಶಗಳ ದೃಶ್ಯಬಿಂಬ ಪ್ರಶ್ನಾವಳಿಯನ್ನು ರೂಪಿಸಿದರು. ಪರಿಚಿತರೊಬ್ಬರ ಮುಖ, ಉದಯಿಸುವ ಸೂರ್ಯ, ಅಂಗಡಿಯ ಮುಂಭಾಗ, ಗಿಡಮರ ಬೆಟ್ಟ ಸರೋವರಗಳ ನೋಟ ಇವುಗಳನ್ನು ಕಲ್ಪಿಸಿಕೊಂಡು ಅವುಗಳ ಸ್ಫುಟತೆಗೆ ಅಂಕ ಕೊಡುವುದು ಇದರ ಕ್ರಮ. ಈ ದಾರಿಯ ಕೊರತೆ ಸ್ಪಷ್ಟವಾಗಿಯೇ ಇದೆ: ಅಂಕ ಕೊಡುವವರು ತಮ್ಮೊಳಗನ್ನು ತಾವೇ ನೋಡಿ ಹೇಳಬೇಕು, ಅದನ್ನು ಪಕ್ಕದಲ್ಲಿ ನಿಂತು ಪರಿಶೀಲಿಸುವವರಿಲ್ಲ.

ಎರಡನೆಯ ದಾರಿ ಕೆಲಸ ಕೊಟ್ಟು ನೋಡುವುದು. 1971ರಲ್ಲಿ ಅಮೆರಿಕದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಸ್ಲರ್ ಘನಾಕೃತಿಗಳ ಜೋಡಿಚಿತ್ರಗಳನ್ನು ತೋರಿಸಿ, ಎರಡೂ ಒಂದೇ ಆಕೃತಿಯೋ ಅಲ್ಲವೋ ಎಂದು ಕೇಳಿದರು. ಎರಡು ಚಿತ್ರಗಳ ನಡುವಣ ಕೋನ ಹೆಚ್ಚಿದಷ್ಟೂ ಉತ್ತರಕ್ಕೆ ಬೇಕಾದ ಸಮಯ ಒಂದೇ ಪ್ರಮಾಣದಲ್ಲಿ ಹೆಚ್ಚಿತು. ಸೆಕೆಂಡಿಗೆ ಸುಮಾರು 60 ಡಿಗ್ರಿಯ ವೇಗದಲ್ಲಿ ಆಕೃತಿಯನ್ನು ಮನಸ್ಸಿನಲ್ಲಿ ತಿರುಗಿಸಲಾಗುತ್ತಿದೆಯೋ ಎಂಬಂತಿತ್ತು ಫಲಿತಾಂಶ. ಸ್ಟೀಫನ್ ಕಾಸ್ಲಿನ್ ಮುಂದೆ ಬಿಂಬಕ್ರಿಯೆಯನ್ನು ನಾಲ್ಕಾಗಿ ವಿಂಗಡಿಸಿದರು: ಬಿಂಬವನ್ನು ಮೂಡಿಸುವುದು, ಹಿಡಿದಿಡುವುದು, ಅದರೊಳಗೆ ಹುಡುಕುವುದು, ಅದನ್ನು ಮಾರ್ಪಡಿಸುವುದು. ಬಿಂಬವೆಂಬುದು ನಿಜಕ್ಕೂ ಚಿತ್ರರೂಪದ್ದೇ ಅಥವಾ ಮಾತಿನಂಥ ಅಮೂರ್ತ ವಿವರಣೆಯೇ ಎಂಬ ಬಗ್ಗೆ ಕಾಸ್ಲಿನ್ ಮತ್ತು ಜೆನನ್ ಪಿಲಿಶಿನ್ ಅವರ ನಡುವೆ ದಶಕಗಳ ಕಾಲ ವಾದ ನಡೆಯಿತು. ಆ ವಾದ ಪ್ರಸ್ತುತ ವಿಷಯಕ್ಕೆ ಅನಿವಾರ್ಯವಲ್ಲ. ನಾಲ್ಕು ಹಂತಗಳ ವಿಂಗಡಣೆ ಮಾತ್ರ ಬಹಳ ಉಪಯುಕ್ತ. ಏಕೆಂದರೆ ಒಂದು ಹಂತ ಸರಿಯಿದ್ದು ಇನ್ನೊಂದು ಕೆಟ್ಟಿರಬಹುದೆಂಬ ಸಾಧ್ಯತೆಯನ್ನು ಅದು ತೆರೆದಿಡುತ್ತದೆ.

ಒಂದಕ್ಕೊಂದು ಹೊಂದದ ಫಲಿತಾಂಶಗಳು

1947ರಲ್ಲಿ ಸೀಟ್ಜ್ ಮತ್ತು ಮೋಲ್‌ಹೋಮ್ ಪ್ರಕಟಿಸಿದ ಅಧ್ಯಯನದಲ್ಲಿ ಇಲ್ಲದ ದನಿಗಳನ್ನು ಕೇಳುವ ರೋಗಿಗಳ ಶ್ರವಣಬಿಂಬ ಇತರರಿಗಿಂತ ದುರ್ಬಲವೆಂದು ಕಂಡುಬಂತು. ಒಳಗಿನ ದನಿ ಅಪರೂಪವಾದ್ದರಿಂದಲೇ ಅದು ಬಂದಾಗ ಹೊರಗಿನದೆಂದು ತೋರುತ್ತದೆ ಎಂಬ ತರ್ಕಕ್ಕೆ ಇದರಿಂದ ಎಡೆಯಾಯಿತು. 1972ರಲ್ಲಿ ಮಿಂಟ್ಜ್ ಮತ್ತು ಆಲ್ಪರ್ಟ್ ನಡೆಸಿದ ಪರೀಕ್ಷೆ ಇದಕ್ಕೆ ವಿರುದ್ಧವಾಗಿತ್ತು. ಕಣ್ಣು ಮುಚ್ಚಿ, ಪರಿಚಿತ ಗೀತೆಯೊಂದರ ಧ್ವನಿಮುದ್ರಿಕೆಯನ್ನು ಕೇಳುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ ಇಂದ್ರಿಯಭ್ರಮೆಯುಳ್ಳ ರೋಗಿಗಳು ಇತರರಿಗಿಂತ ಹೆಚ್ಚು ಸ್ಫುಟವಾಗಿ ಕೇಳಿದ್ದಾಗಿ ತಿಳಿಸಿದರು. ಅದೇ ರೋಗಿಗಳು ಅಸ್ಪಷ್ಟವಾಗಿ ಕೇಳಿಸಿದ ನಿಜವಾದ ಮಾತನ್ನು ಎಷ್ಟು ಸರಿಯಾಗಿ ಗ್ರಹಿಸಿದ್ದೇವೆ ಎಂದು ಅಂದಾಜು ಮಾಡುವಲ್ಲಿ ಹಿಂದೆ ಬಿದ್ದರು. ಅಧ್ಯಯನದ ಈ ಎರಡನೆಯ ಭಾಗ ಮೊದಲನೆಯದಕ್ಕಿಂತ ಮಹತ್ವದ್ದು. ಆದರೂ ಉಲ್ಲೇಖಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಪ್ರಾಧಾನ್ಯ ದೊರೆಯುತ್ತ ಬಂದಿದೆ.

2005ರಲ್ಲಿ ಅಲೆಕ್ಸಾಂಡರ್ ಸ್ಯಾಕ್ ಮತ್ತು ಸಂಗಡಿಗರು ಹಲವು ಇಂದ್ರಿಯಗಳಿಗೆ ಸಂಬಂಧಿಸಿದ ಪ್ರಶ್ನಾವಳಿಯನ್ನು ಬಳಸಿ, ಸ್ಕಿಜೋಫ್ರೇನಿಯವುಳ್ಳವರು ಆರೋಗ್ಯವಂತರಿಗಿಂತ ಹೆಚ್ಚು ಸ್ಫುಟವಾದ ಬಿಂಬಗಳನ್ನು ವರದಿ ಮಾಡುತ್ತಾರೆಂದು ತೋರಿಸಿದರು. ಈ ಹೆಚ್ಚಳ ಇಂದ್ರಿಯಭ್ರಮೆಗಳ ಪ್ರಮಾಣವನ್ನು ಅವಲಂಬಿಸಿರಲಿಲ್ಲ ಎಂಬುದು ಗಮನಾರ್ಹ. 2009ರ ಮುಂದುವರಿದ ಅಧ್ಯಯನದಲ್ಲಿ ಕಾಯಿಲೆಯಿಲ್ಲದ ರಕ್ತಸಂಬಂಧಿಗಳಲ್ಲಿಯೂ ಇದೇ ಒಲವು ಕಂಡಿತು. ಅಂದಮೇಲೆ ಸ್ಫುಟತೆ ರೋಗದ ಫಲವಲ್ಲ, ರೋಗಕ್ಕೆ ಈಡಾಗಬಲ್ಲ ಮನಸ್ಸಿನ ಒಂದು ಲಕ್ಷಣವಿರಬಹುದು. ಆದರೆ ಬಿಂಬವನ್ನು ಪ್ರಶ್ನಾವಳಿಯ ಬದಲು ಕೆಲಸಗಳ ಮೂಲಕ ಅಳೆದ ನೆದರ್ಲೆಂಡ್ಸಿನ ಆಂಡ್ರೆ ಅಲೆಮನ್ ಅವರ ತಂಡಕ್ಕೆ 2003ರಲ್ಲಿ ದನಿ ಕೇಳುವ ಮತ್ತು ಕೇಳದ ರೋಗಿಗಳ ನಡುವೆ ಅಂಥ ನೇರ ವ್ಯತ್ಯಾಸ ದೊರೆಯಲಿಲ್ಲ.

ಬಿಂಬವನ್ನು ಹಿಡಿದಿಡುವ ಹಂತಕ್ಕೆ ಬಂದರೆ ಚಿತ್ರ ಮತ್ತಷ್ಟು ತೊಡಕಾಗುತ್ತದೆ. 1992ರಲ್ಲಿ ಸೋಹಿ ಪಾರ್ಕ್ ಮತ್ತು ಫಿಲಿಪ್ ಹೋಲ್ಜ್‌ಮನ್ ಅವರು, ಒಂದು ಗುರುತು ಎಲ್ಲಿತ್ತೆಂಬುದನ್ನು ಕೆಲವೇ ಸೆಕೆಂಡುಗಳ ಕಾಲ ನೆನಪಿನಲ್ಲಿಟ್ಟುಕೊಳ್ಳುವ ಕೆಲಸದಲ್ಲಿ ರೋಗಿಗಳು ಹಿಂದೆ ಬೀಳುತ್ತಾರೆಂದು ತೋರಿಸಿದ್ದರು. ಕಾರ್ಯಸ್ಮೃತಿ ಎನಿಸಿಕೊಳ್ಳುವ ಈ ಶಕ್ತಿಯ ಕೊರತೆ ಅನಂತರ ಅನೇಕ ಕಡೆ ದೃಢಪಟ್ಟಿದೆ. ಆಕೃತಿಗಳನ್ನು ಮನಸ್ಸಿನಲ್ಲಿ ತಿರುಗಿಸುವ ಪರೀಕ್ಷೆಗಳಲ್ಲಿಯೂ ರೋಗಿಗಳು ನಿಧಾನ, ತಪ್ಪುಗಳೂ ಹೆಚ್ಚು. ಆದರೆ 2006ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ದ ವಿನ್ಯಮಾಂ ಮತ್ತು ಸಂಗಡಿಗರು ಗುರುತಿಸಿದಂತೆ, ಕೋನ ಹೆಚ್ಚಿದಂತೆ ಸಮಯ ಹೆಚ್ಚುವ ಕ್ರಮ ಅವರಲ್ಲಿಯೂ ಉಳಿದೇ ಇರುತ್ತದೆ. ತಿರುಗಿಸುವ ಯಂತ್ರ ಮುರಿದಿಲ್ಲ. ಅದು ಎಡವುತ್ತ ಸಾಗುತ್ತಿದೆ. ಔಷಧಗಳಿಂದಾಗುವ ಮಂದತೆಯೂ ಇಲ್ಲಿ ಸೇರಿಕೊಂಡಿರಬಹುದು. ಇದೇ ಸೋಹಿ ಪಾರ್ಕ್ ಅವರ ಪ್ರಯೋಗಶಾಲೆಯಿಂದ 2013 ಮತ್ತು 2014ರಲ್ಲಿ ಬಂದ ವರದಿಗಳು ಇನ್ನೂ ಅಚ್ಚರಿಯವು: ಅಕ್ಷರಗಳನ್ನು ಮನಸ್ಸಿನಲ್ಲಿ ಹೊರಳಿಸಿ ಜೋಡಿಸಿ ಹೊಸ ಆಕೃತಿಯನ್ನು ಕಾಣುವಂಥ ಕೆಲಸಗಳಲ್ಲಿ, ಕಾರ್ಯಸ್ಮೃತಿ ಕುಂದಿದ್ದರೂ, ರೋಗಿಗಳು ಆರೋಗ್ಯವಂತರಿಗೆ ಸರಿದೂಗಿದರು, ಕೆಲವೆಡೆ ಅವರನ್ನು ಮೀರಿಸಿದರು. ಕಾಯಿಲೆಯೊಂದರ ಅಧ್ಯಯನದಲ್ಲಿ ರೋಗಿಯ ಸಾಧನೆ ಹೆಚ್ಚಾಗಿ ಕಾಣುವುದು ಅಪರೂಪ. ಸಾಮಾನ್ಯ ಮಂದತೆಯಿಂದ ಎಲ್ಲವನ್ನೂ ವಿವರಿಸಿಬಿಡುವ ಅಭ್ಯಾಸಕ್ಕೆ ಈ ಫಲಿತಾಂಶಗಳು ಅಡ್ಡ ಬರುತ್ತವೆ.

ತನ್ನದೆಂಬ ಗುರುತು

ಬಿಂಬ ಮತ್ತು ಪ್ರತ್ಯಕ್ಷಗಳ ನಡುವಣ ಗೆರೆ ಆರೋಗ್ಯವಂತರಲ್ಲಿಯೂ ಗಟ್ಟಿಯಾದುದಲ್ಲ. 1910ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಚೀವ್ಸ್ ಪರ್ಕಿ ನಡೆಸಿದ ಪ್ರಯೋಗ ಇದಕ್ಕೆ ನಿದರ್ಶನ. ಮಸುಕು ಗಾಜಿನ ಪರದೆಯನ್ನು ನೋಡುತ್ತ ಬಾಳೆಹಣ್ಣನ್ನೋ ಎಲೆಯನ್ನೋ ಕಲ್ಪಿಸಿಕೊಳ್ಳಲು ಹೇಳಿ, ಹಿಂದಿನಿಂದ ಗುಟ್ಟಾಗಿ ಅದೇ ವಸ್ತುವಿನ ಅತಿ ಮಂದವಾದ ಚಿತ್ರವನ್ನು ಮೂಡಿಸಲಾಯಿತು. ಭಾಗವಹಿಸಿದವರು ಕಂಡದ್ದನ್ನು ತಮ್ಮ ಕಲ್ಪನೆಯೆಂದೇ ತಿಳಿದರು. ಅಡ್ಡಲಾಗಿ ಕಲ್ಪಿಸಿಕೊಂಡಿದ್ದ ಬಾಳೆಹಣ್ಣು ನೆಟ್ಟಗೆ ನಿಂತುಬಿಟ್ಟಿತಲ್ಲ ಎಂದು ಆಶ್ಚರ್ಯಪಟ್ಟವರೂ ಇದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನಾಡೀನ್ ಡೈಕ್‌ಸ್ಟ್ರಾ ಮತ್ತು ಸ್ಟೀಫನ್ ಫ್ಲೆಮಿಂಗ್ 2023ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಪ್ರಯೋಗದ ಇನ್ನೊಂದು ಮುಖವನ್ನು ತೋರಿಸಿತು: ಕಲ್ಪನೆಯ ಬಲ ಮತ್ತು ಇಂದ್ರಿಯದಿಂದ ಬಂದ ಸೂಚನೆಯ ಬಲ ಮನಸ್ಸಿನಲ್ಲಿ ಬೆರೆಯುತ್ತವೆ, ಬೆರೆತ ಬಲ ಒಂದು ಮಟ್ಟವನ್ನು ದಾಟಿದರೆ ಅದನ್ನು ನಿಜವೆಂದು ತೀರ್ಮಾನಿಸಲಾಗುತ್ತದೆ. ಈ ಎಣಿಕೆಯಂತೆ ಸ್ಫುಟತೆ ಹೆಚ್ಚಿರುವುದು ಅಪಾಯದ ಒಂದು ಅಂಶ ಮಾತ್ರ. ತೀರ್ಪು ನೀಡುವ ಮಟ್ಟ ಎಲ್ಲಿದೆ ಎಂಬುದು ಇನ್ನೊಂದು.

ಬಲವೊಂದೇ ಅಲ್ಲದೆ ಇನ್ನೊಂದು ಗುರುತೂ ಇದೆ. ಅದು ಪ್ರಯತ್ನದ ಗುರುತು. ಕೈಯನ್ನು ತಾನಾಗಿಯೇ ಎತ್ತುವಾಗ ಮೆದುಳು ಸ್ನಾಯುಗಳಿಗೆ ಆಜ್ಞೆ ಕೊಡುವುದರ ಜೊತೆಗೆ ಆ ಆಜ್ಞೆಯ ಒಂದು ಪ್ರತಿಯನ್ನು ಸಂವೇದನೆಯ ಭಾಗಗಳಿಗೂ ಕಳುಹಿಸುತ್ತದೆ. ಬರಲಿರುವ ಸಂವೇದನೆ ಸ್ವಂತದ್ದೆಂದು ಮೊದಲೇ ತಿಳಿಸಿರುತ್ತದೆ. ತನ್ನ ಕೈಯಿಂದ ತನಗೇ ಕಚಗುಳಿಯಾಗದಿರುವುದು ಇದರಿಂದಲೇ. ಚಿಂತನೆಗೂ ಇಂಥ ವ್ಯವಸ್ಥೆಯಿರಬಹುದೆಂದು 1978ರಲ್ಲಿ ಅರ್ವಿನ್ ಫೈನ್‌ಬರ್ಗ್ ಸೂಚಿಸಿದರು. ಕ್ರಿಸ್ಟೋಫರ್ ಫ್ರಿತ್ 1992ರ ತಮ್ಮ ಗ್ರಂಥದಲ್ಲಿ ಅದನ್ನು ಸ್ಕಿಜೋಫ್ರೇನಿಯದ ಲಕ್ಷಣಗಳಿಗೆ ವಿಸ್ತರಿಸಿದರು. ಆ ಪ್ರತಿ ತಲಪದಿದ್ದರೆ ಸ್ವಂತ ಕೈಯ ಚಲನೆ ಬೇರೊಬ್ಬರು ನಡೆಸಿದಂತೆ, ಸ್ವಂತ ಒಳಮಾತು ಬೇರೊಬ್ಬರ ದನಿಯಂತೆ ತೋರುವುದು ಸಹಜ. 2000ರಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ, ದನಿಗಳನ್ನು ಕೇಳುತ್ತಿದ್ದ ಅಥವಾ ತಮ್ಮನ್ನು ಹೊರಶಕ್ತಿ ನಡೆಸುತ್ತಿದೆಯೆಂದು ಭಾವಿಸುತ್ತಿದ್ದ ರೋಗಿಗಳಿಗೆ ಸ್ವಂತ ಸ್ಪರ್ಶವೂ ಇತರರ ಸ್ಪರ್ಶದಷ್ಟೇ ತೀವ್ರವೆನಿಸಿತು. ಅದಕ್ಕೂ ಮುಂಚೆ, 1995ರಲ್ಲಿ, ಫಿಲಿಪ್ ಮೆಕ್‌ಗ್ವೈರ್ ಅವರ ತಂಡ ಇನ್ನೊಬ್ಬರ ದನಿಯಲ್ಲಿ ವಾಕ್ಯಗಳನ್ನು ಕಲ್ಪಿಸಿಕೊಳ್ಳಲು ಹೇಳಿ ಮೆದುಳಿನ ರಕ್ತಸಂಚಾರವನ್ನು ಅಳೆದಿತ್ತು. ದನಿ ಕೇಳುವ ಒಲವಿದ್ದ ರೋಗಿಗಳಲ್ಲಿ ಒಳಮಾತಿನ ಮೇಲ್ವಿಚಾರಣೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಕಡಿಮೆಯಿತ್ತು. ಅವರು ಕಲ್ಪಿಸಿಕೊಳ್ಳಬಲ್ಲವರಾಗಿದ್ದರು, ಕಲ್ಪನೆಯ ಮೇಲಿನ ನಿಗಾ ಮಾತ್ರ ಸಡಿಲವಾಗಿತ್ತು.

ಚಲನೆಯ ಬಿಂಬಗಳ ಅಧ್ಯಯನ ಇದನ್ನು ಬೇರೊಂದು ಕಡೆಯಿಂದ ಸಮರ್ಥಿಸುತ್ತದೆ. ಚಿಕ್ಕ ಗುರಿಯನ್ನು ಮುಟ್ಟಲು ದೊಡ್ಡ ಗುರಿಗಿಂತ ಹೆಚ್ಚು ಸಮಯ ಬೇಕು. ಆರೋಗ್ಯವಂತರು ಆ ಚಲನೆಯನ್ನು ಬರಿಯ ಮನಸ್ಸಿನಲ್ಲಿ ನಡೆಸಿದಾಗಲೂ ಈ ನಿಯಮ ತಪ್ಪುವುದಿಲ್ಲ. ಪಾಲ್ ಮರಫ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ತಮ್ಮ ದೇಹವನ್ನು ಬೇರೆಯವರು ನಡೆಸುತ್ತಿದ್ದಾರೆಂಬ ಅನುಭವವುಳ್ಳ ರೋಗಿಗಳ ನಿಜವಾದ ಚಲನೆ ಈ ನಿಯಮವನ್ನು ಪಾಲಿಸಿದರೂ ಕಲ್ಪಿತ ಚಲನೆ ಪಾಲಿಸಲಿಲ್ಲ.

ನಾಳೆಯನ್ನು ಕಾಣುವ ಕಷ್ಟ

ಇದುವರೆಗಿನ ಚರ್ಚೆ ಒಂಟಿ ವಸ್ತುವಿನ, ಒಂಟಿ ದನಿಯ ಬಿಂಬಗಳಿಗೆ ಸಂಬಂಧಿಸಿದ್ದು. ಬದುಕಿಗೆ ಹೆಚ್ಚು ಬೇಕಾದದ್ದು ಸನ್ನಿವೇಶದ ಬಿಂಬ. 2007ರಲ್ಲಿ ಡೆಮಿಸ್ ಹಸಾಬಿಸ್ ಮತ್ತು ಸಂಗಡಿಗರು, ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹಾನಿಯಾಗಿ ನೆನಪು ಕಳೆದುಕೊಂಡವರಿಗೆ ಹೊಸ ಸನ್ನಿವೇಶವನ್ನು ಕಲ್ಪಿಸಿಕೊಳ್ಳುವುದೂ ಕಷ್ಟವೆಂದು ತೋರಿಸಿದರು. ಹಿಂದಿನದನ್ನು ನೆನೆಯುವುದೂ ಮುಂದಿನದನ್ನು ಕಾಣುವುದೂ ಒಂದೇ ಸಾಮಗ್ರಿಯಿಂದ ಕಟ್ಟುವ ಕೆಲಸಗಳೆಂಬುದು ಇದರಿಂದ ಸ್ಪಷ್ಟವಾಯಿತು. ಮರುವರ್ಷ ಬೆಲ್ಜಿಯಂ ಮತ್ತು ಫ್ರಾನ್ಸಿನ ಸಂಶೋಧಕರಾದ ಆರ್ನೋ ದಾರ್ಜಾಂಬೋ, ಸ್ಟೆಫಾನ್ ರಫಾರ್ ಮೊದಲಾದವರು ಸ್ಕಿಜೋಫ್ರೇನಿಯವುಳ್ಳವರಲ್ಲಿ ಇದೇ ಪ್ರಶ್ನೆಯನ್ನು ಪರಿಶೀಲಿಸಿದರು. ನಿರ್ದಿಷ್ಟ ಸ್ಥಳ, ಸಮಯಗಳುಳ್ಳ ಘಟನೆಗಳನ್ನು ನೆನೆಯುವುದರಲ್ಲಿ ರೋಗಿಗಳು ಹಿಂದಿದ್ದರು; ಅಂಥ ಘಟನೆಗಳನ್ನು ಭವಿಷ್ಯದಲ್ಲಿ ಕಲ್ಪಿಸಿಕೊಳ್ಳುವುದರಲ್ಲಿ ಇನ್ನೂ ಹಿಂದಿದ್ದರು. ತಿರುಗಿಸುವ, ಜೋಡಿಸುವ ಕೆಲಸಗಳಲ್ಲಿ ವಸ್ತು ಎದುರಿಗಿರುತ್ತದೆ ಅಥವಾ ಹೆಸರಿಸಲ್ಪಟ್ಟಿರುತ್ತದೆ. ಭವಿಷ್ಯದ ಸನ್ನಿವೇಶದಲ್ಲಿ ಹಾಗಲ್ಲ. ಜನ, ಜಾಗ, ಮಾತು, ಭಾವ ಎಲ್ಲವನ್ನೂ ತಾನೇ ಆಯ್ದು ತಂದು ಒಂದರ ಪಕ್ಕ ಒಂದನ್ನಿಟ್ಟು ಹಿಡಿದಿರಬೇಕು.

ಈ ಸಂಶೋಧನೆಯ ತಾತ್ಪರ್ಯ ಪ್ರಯೋಗಶಾಲೆಯಾಚೆಗೂ ಇದೆ. ದನಿಗಳು ಅಡಗಿ, ಔಷಧ ನಡೆಯುತ್ತಿರುವ ಹೊತ್ತಿನಲ್ಲಿ ಮನೆಯವರ ದೂರು ಸಾಮಾನ್ಯವಾಗಿ ಒಂದೇ: ಹುಡುಗ ಈಗ ಸುಮ್ಮನೆ ಕುಳಿತಿರುತ್ತಾನೆ, ಸೋಮಾರಿಯಾಗಿದ್ದಾನೆ, ಯಾವುದಕ್ಕೂ ಮನಸ್ಸಿಲ್ಲ. ನಾಳೆ ಬೆಳಗ್ಗೆ ಎದ್ದು ಅಂಗಡಿಗೆ ಹೋಗಿ ಕೆಲಸ ಕೇಳುವುದು ಎಂದರೆ, ಆ ಅಂಗಡಿಯ ಬಾಗಿಲು, ಮಾಲೀಕರ ಮುಖ, ಆಡಬೇಕಾದ ಮೊದಲ ಮಾತು ಇವುಗಳ ಬಿಂಬ ಒಂದಿಷ್ಟಾದರೂ ಮೂಡಬೇಕು. ಅದರಲ್ಲಿ ಸಿಗಬಹುದಾದ ಸಂತೋಷದ ಸುಳಿವೂ ಬೇಕು. ಅದು ಮೂಡದ ವ್ಯಕ್ತಿಗೆ ‘ಮನಸ್ಸು ಮಾಡು’ ಎಂಬ ಉಪದೇಶದಿಂದ ಪ್ರಯೋಜನ ಸ್ವಲ್ಪವೇ. ಉತ್ಸಾಹ ಕುಂದುವುದಕ್ಕೆ ಇದೊಂದೇ ಕಾರಣವೆನ್ನುವಂತಿಲ್ಲ. ಆದರೂ ಕೆಲಸವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು, ಬರೆದು ಅಥವಾ ಚಿತ್ರಿಸಿ ಎದುರಿಗಿಡುವುದು, ಒಮ್ಮೆ ಜೊತೆಯಲ್ಲಿ ಹೋಗಿ ತೋರಿಸುವುದು ಉಪಕಾರಿಯಾಗಲು ಕಾರಣವೇನೆಂಬುದು ಇದರಿಂದ ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ. ಒಳಗೆ ಕಟ್ಟಲಾಗದ ದೃಶ್ಯವನ್ನು ಅದು ಹೊರಗೆ ಒದಗಿಸಿಕೊಡುತ್ತದೆ.

ಇದರ ಮತ್ತೊಂದು ತುದಿಯಲ್ಲಿ ಬೇಡದೆ ಬರುವ ಬಿಂಬಗಳಿವೆ. ಇಂಗ್ಲೆಂಡಿನ ಆಂಟನಿ ಮಾರಿಸನ್ ಮತ್ತು ಸಂಗಡಿಗರು 2002ರಲ್ಲಿ ಮಾತನಾಡಿಸಿದ 35 ರೋಗಿಗಳಲ್ಲಿ ಮುಕ್ಕಾಲು ಪಾಲು ಜನರು ತಮ್ಮ ಲಕ್ಷಣಗಳೊಡನೆ ಹೆಣೆದುಕೊಂಡ ದೃಶ್ಯಗಳನ್ನು ವಿವರಿಸಿದರು. ಅಂದರೆ ಕರೆದರೆ ಬಾರದ ಬಿಂಬವೂ ಕರೆಯದೆ ಬರುವ ಬಿಂಬವೂ ಒಂದೇ ಮನಸ್ಸಿನಲ್ಲಿರಬಹುದು. ಲಂಡನ್ನಿನಲ್ಲಿ ಜೂಲಿಯನ್ ಲೆಫ್ ರೂಪಿಸಿದ ‘ಅವತಾರ್’ ಚಿಕಿತ್ಸೆ ಇಂಥ ಅನುಭವವನ್ನೇ ಆಧಾರವಾಗಿಸಿಕೊಂಡಿದೆ. ಕಾಡುವ ದನಿಗೆ ರೋಗಿ ತಾನೇ ಕಂಪ್ಯೂಟರಿನಲ್ಲಿ ಒಂದು ಮುಖ ಕೊಟ್ಟು, ಚಿಕಿತ್ಸಕರ ನೆರವಿನಿಂದ ಅದರೊಡನೆ ಮಾತಾಡಿ, ಕ್ರಮೇಣ ಅದನ್ನು ಪಳಗಿಸುತ್ತಾನೆ. 150 ಮಂದಿ ಭಾಗವಹಿಸಿದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 12 ವಾರಗಳ ಬಳಿಕ ದನಿಗಳ ಕಾಟ ಸಾಮಾನ್ಯ ಆಪ್ತಸಮಾಲೋಚನೆಗಿಂತ ಹೆಚ್ಚು ತಗ್ಗಿತ್ತು. 24 ವಾರಗಳ ಹೊತ್ತಿಗೆ ಎರಡು ಗುಂಪುಗಳ ವ್ಯತ್ಯಾಸ ಉಳಿದಿರಲಿಲ್ಲ.

ಕನ್ನಡದಲ್ಲಿ ಕೇಳುವುದು

ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಅಮೆರಿಕಗಳವು. ಅವುಗಳ ಸಾಧನಗಳನ್ನು ಕರ್ನಾಟಕದ ಆಸ್ಪತ್ರೆಗೆ ಹಾಗೆಯೇ ತರಲಾಗದು. ರೋಮನ್ ಲಿಪಿಯ ‘ಡಿ’ ಅಕ್ಷರವನ್ನು ಮಲಗಿಸಿ ‘ಜೆ’ ಅಕ್ಷರದ ಮೇಲಿಟ್ಟರೆ ಕೊಡೆಯ ಆಕಾರ ಬರುತ್ತದೆಂಬುದು ಬಿಂಬಪರೀಕ್ಷೆಗಳ ಪ್ರಸಿದ್ಧ ಉದಾಹರಣೆ. ಆ ಲಿಪಿಯನ್ನೇ ಕಲಿಯದವರು ಇಲ್ಲಿ ಸೋತರೆ ಅದು ಕಾಯಿಲೆಯ ಗುರುತಲ್ಲ. ಕನ್ನಡದ ದುಂಡು ಅಕ್ಷರಗಳಿಗೆ ಬೇರೆಯೇ ಜೋಡಣೆಗಳನ್ನು ಹುಡುಕಬೇಕಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಸಂಶೋಧಕರು ಸಾಮಾಜಿಕ ಗ್ರಹಿಕೆಯ ಪರೀಕ್ಷೆಗಳನ್ನು ಭಾರತೀಯ ಸಂದರ್ಭಕ್ಕೆ ಒಗ್ಗಿಸಿ 2011ರಲ್ಲಿ ಪ್ರಕಟಿಸಿದ ಸಾಧನ ಈ ಬಗೆಯ ಕೆಲಸಕ್ಕೆ ಒಳ್ಳೆಯ ಮಾದರಿ.

ಪ್ರಶ್ನಾವಳಿಗಳ ಅನುವಾದದಲ್ಲಿ ತೊಡಕು ಇನ್ನೂ ಸೂಕ್ಷ್ಮ. ‘ಕಣ್ಣಿಗೆ ಕಟ್ಟಿದಂತಿದೆ’ ಎಂಬ ನುಡಿಗಟ್ಟು ಸ್ಫುಟತೆಗೆ ಸೊಗಸಾಗಿ ಒಪ್ಪುತ್ತದೆ. ಆದರೆ ಚಿತ್ರವೇ ಮೂಡದವರೂ ಗಾಢವಾದ ನೆನಪಿಗೆ ಆ ಮಾತನ್ನು ಬಳಸುತ್ತಾರೆ. ‘ಕಾಣುತ್ತದೆ’ ಎಂಬುದು ಕಣ್ಣಿನ ಕೆಲಸಕ್ಕೂ ಊಹೆಗೂ ಸಲ್ಲುವ ಕ್ರಿಯಾಪದ. ಇವೆಲ್ಲಕ್ಕಿಂತ ಮುಖ್ಯವಾದದ್ದು ವಾಕ್ಯರಚನೆಯದು. ‘ನಾನು ನೆನೆದೆ’ ಎಂಬುದಕ್ಕಿಂತ ‘ನನಗೆ ನೆನಪಾಯಿತು’, ‘ನಾನು ಯೋಚಿಸಿದೆ’ ಎಂಬುದಕ್ಕಿಂತ ‘ನನಗೆ ಹೊಳೆಯಿತು’ ಎಂಬ ರೂಪಗಳು ಕನ್ನಡದ ಆಡುಮಾತಿಗೆ ಹತ್ತಿರ. ಮನಸ್ಸಿನಲ್ಲಿ ನಡೆಯುವ ಅನೇಕ ಸಂಗತಿಗಳನ್ನು ಕನ್ನಡ ವ್ಯಾಕರಣ ಚತುರ್ಥಿಯಲ್ಲಿರಿಸಿ, ಅವು ವ್ಯಕ್ತಿಗೆ ತಾವಾಗಿ ಒದಗಿದಂತೆ ಹೇಳಿಸುತ್ತದೆ. ಇದರಿಂದ ಕನ್ನಡಿಗರ ಮನಸ್ಸೇ ಬೇರೆಯೆಂದು ಸಾಧಿಸಹೊರಡುವುದು ಅತಿರೇಕವಾಗುತ್ತದೆ. ಆದರೆ ಬಿಂಬದ ಒಡೆತನವನ್ನು ಪರೀಕ್ಷಿಸುವ ಸಂದರ್ಶಕರಿಗೆ ಇದು ನಿಜವಾದ ತೊಡಕು. ‘ಒಂದು ಮುಖ ಕಣ್ಣ ಮುಂದೆ ಬಂತು’ ಎಂದು ರೋಗಿ ಹೇಳಿದಾಗ ಅದು ಭಾಷೆಯ ವಾಡಿಕೆಯೋ ಲಕ್ಷಣವೋ ಎಂದು ತಿಳಿಯಲು ಇನ್ನೊಂದು ಪ್ರಶ್ನೆ ಬೇಕಾಗುತ್ತದೆ: ಆ ಮುಖವನ್ನು ನೀವಾಗಿ ತಂದುಕೊಂಡಿರಾ, ಬೇಡವೆಂದರೆ ಅದನ್ನು ಕಳುಹಿಸಬಲ್ಲಿರಾ?